ಗೇಮ್ ಆಡಿದ ಹೊತ್ತು ಪಾಠದ ಲೆಕ್ಕಕ್ಕೆ ಬರುತ್ತಾ?

ಪ್ರಶ್ನೆ: ಇಬ್ಬರು ಮಕ್ಕಳಿಗೂ ನಾನು ಮನೆಯಲ್ಲೇ ಪಾಠ ಮಾಡುತ್ತಿದ್ದೇನೆ. ಮಗನಿಗೆ ಹತ್ತು ವರ್ಷ, ಮಗಳಿಗೆ ಆರು. ಮಗನಿಗೆ ಮೈನ್‌ಕ್ರಾಫ್ಟ್ ಅಂದ್ರೆ ಪ್ರಾಣ. ಬ್ಲಾಕ್ ಅನ್ನುವ ಚೌಕದ ತುಂಡುಗಳನ್ನು ಅಗೆದು, ಜೋಡಿಸಿ ಮನೆ, ಊರು ಕಟ್ಟುವ ಕಂಪ್ಯೂಟರ್ ಗೇಮ್ ಅದು. ಲೆಕ್ಕದ ಪುಸ್ತಕ ತೆಗೆದರೆ ಮುಖ ಸಣ್ಣದು ಮಾಡುತ್ತಾನೆ, ಗೇಮ್ ಬಗ್ಗೆ ಕೇಳಿದರೆ ಗಂಟೆಗಟ್ಟಲೆ ಮಾತಾಡುತ್ತಾನೆ. ಗೇಮ್‌ನಿಂದಲೂ ಕಲಿಸಬಹುದು ಅಂತ ಕೆಲವರು ಹೇಳುತ್ತಾರೆ. ನಮ್ಮ ಮನೆಯವರು ಮಾತ್ರ 'ಆಟವನ್ನೇ ಪಾಠ ಅಂದ್ರೆ ಮುಗಿದೇ ಹೋಯ್ತು' ಅನ್ನುತ್ತಾರೆ. ಗೇಮ್ ಆಡಿದ ಹೊತ್ತನ್ನು ಪಾಠದ ಲೆಕ್ಕಕ್ಕೆ ಸೇರಿಸಬಹುದಾ? ಎಂಥ ಗೇಮ್ ಆರಿಸಬೇಕು, ದಿನಕ್ಕೆ ಎಷ್ಟು ಹೊತ್ತು? ಆಫ್ ಮಾಡು ಅಂದಾಗಲೆಲ್ಲ ಜಗಳ ಆಗುತ್ತದೆ, ಅದಕ್ಕೇನು ಮಾಡಲಿ? ಮಗಳಿಗೂ ಈಗಲೇ ಶುರು ಮಾಡಬಹುದಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಮನೆಪಾಠದಲ್ಲಿ ಗೇಮ್‌ಗೆ ಜಾಗ ಇದೆ, ಒಳ್ಳೆಯ ಜಾಗವೇ ಇದೆ. ಆದರೆ ಆಡಿದ ಗಂಟೆಗಳನ್ನು ಹಾಗೇ ಪಾಠದ ಗಂಟೆ ಅಂತ ಬರೆದುಕೊಳ್ಳಬೇಡಿ. ನಿಮ್ಮ ಮಗ ಒಂದು ಗಂಟೆ ಆಡಿದ, ಆಮೇಲೆ ಆಟದಲ್ಲಿ ಎದುರಾದ ಒಂದು ತೊಡಕನ್ನು ಹಾಳೆಯ ಮೇಲೆ ಇಪ್ಪತ್ತು ನಿಮಿಷ ಕೂತು ಬಿಡಿಸಿದ ಅಂದುಕೊಳ್ಳಿ. ಪಾಠ ಆಗಿದ್ದು ಆ ಇಪ್ಪತ್ತು ನಿಮಿಷದಲ್ಲಿ. ಆದರೆ ಆ ಒಂದು ಗಂಟೆ ಇರದಿದ್ದರೆ ಅವನು ಆ ಇಪ್ಪತ್ತು ನಿಮಿಷ ಮನಸ್ಸಿಟ್ಟು ಕೂರುತ್ತಲೇ ಇರಲಿಲ್ಲ. ಹಾಗಾಗಿ ನಿಮ್ಮ ಮನೆಯವರ ಮಾತಲ್ಲೂ ಅರ್ಧ ಸತ್ಯ ಇದೆ, ನಿಮ್ಮ ಆಸೆಯಲ್ಲೂ ಅರ್ಧ ಸತ್ಯ ಇದೆ.

ಇದು ಬರೀ ನನ್ನ ಅಭಿಪ್ರಾಯ ಅಲ್ಲ. ಕಲಿಕೆಗೆಂದೇ ಮಾಡಿದ ಗೇಮ್‌ಗಳ ಮೇಲೆ ನಡೆದ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಶ್ಲೇಷಣೆ 2013ರಲ್ಲಿ ಪ್ರಕಟವಾಯಿತು. ಗೇಮ್ ಆಡಿ ಕಲಿತವರು ಮಾಮೂಲಿ ಪಾಠ ಕೇಳಿದವರಿಗಿಂತ ಸ್ವಲ್ಪ ಜಾಸ್ತಿ ಕಲಿತಿದ್ದರು, ಕಲಿತದ್ದು ನೆನಪಿನಲ್ಲೂ ಉಳಿದಿತ್ತು. ಗೇಮ್ ಜೊತೆಗೆ ಬೇರೆ ಥರದ ಪಾಠವೂ ಸೇರಿದಾಗ ಲಾಭ ಇನ್ನೂ ಜಾಸ್ತಿ. ಆದರೆ ಎಲ್ಲರೂ ಇದ್ದೇ ಇರುತ್ತದೆ ಅಂದುಕೊಂಡಿದ್ದ ಒಂದು ಸಂಗತಿ ಸಿಗಲಿಲ್ಲ. ಗೇಮ್ ಅಂದಮಾತ್ರಕ್ಕೆ ಕಲಿಯುವವರ ಉತ್ಸಾಹವೇನೂ ಹೆಚ್ಚಿರಲಿಲ್ಲ. ನನಗೆ ಇದು ಆಶ್ಚರ್ಯ ಅನ್ನಿಸುವುದಿಲ್ಲ. ಅಂಥ ಕಡೆ ಗೇಮ್ ಆರಿಸುವವರು ಬೇರೆಯವರು, ಯಾವಾಗ ಆಡಬೇಕು, ಯಾವಾಗ ನಿಲ್ಲಿಸಬೇಕು ಅಂತ ಹೇಳುವವರೂ ಬೇರೆಯವರು. ಮಗು ಪ್ರೀತಿಯಿಂದ ಹಿಡಿದ ಆಟವೇ ಬೇರೆ, ಕೈಗೆ ಕೊಟ್ಟು ಆಡು ಅಂದ ಆಟವೇ ಬೇರೆ. ನಿಮ್ಮ ಮನೆಯಲ್ಲಿ ಆ ಪ್ರೀತಿ ಆಗಲೇ ಇದೆ. ಅದೇ ನಿಮ್ಮ ಬಂಡವಾಳ.

ಇನ್ನೊಂದು ಉದಾಹರಣೆ ಕೊಡುತ್ತೇನೆ. ಡ್ರ್ಯಾಗನ್‌ಬಾಕ್ಸ್ ಅಂತ ಬೀಜಗಣಿತದ ಗೇಮ್ ಇದೆ, 2012ರಲ್ಲಿ ಬಂದಿದ್ದು. ಪರದೆಯ ಎರಡು ಬದಿಗಳಲ್ಲಿ ಚಿತ್ರದ ಕಾರ್ಡುಗಳು ಇರುತ್ತವೆ. ಅವನ್ನು ಸರಿಸುತ್ತಾ, ಕಳೆಯುತ್ತಾ ಒಂದು ಪೆಟ್ಟಿಗೆಯನ್ನು ಒಂಟಿಯಾಗಿ ಉಳಿಸಬೇಕು. ಆಡ್ತಾ ಆಡ್ತಾ ಚಿತ್ರಗಳ ಜಾಗದಲ್ಲಿ ಅಕ್ಷರ, ಅಂಕಿಗಳು ಬಂದು ಕೂರುತ್ತವೆ. ತುಂಬಾ ಜಾಣತನದಿಂದ ಮಾಡಿದ ಆಟ. ಅದನ್ನು ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು ಸಮೀಕರಣ ಕಲಿಸುವ ಒಂದು ಮಾಮೂಲಿ ಸಾಫ್ಟ್‌ವೇರ್ ಜೊತೆ ಹೋಲಿಸಿ ನೋಡಿದರು. ಗೇಮ್ ಆಡಿದ ಮಕ್ಕಳು ಜಾಸ್ತಿ ಖುಷಿಪಟ್ಟಿದ್ದರು, ಜಾಸ್ತಿ ಸಮಸ್ಯೆಗಳನ್ನೂ ಬಿಡಿಸಿದ್ದರು. ಆದರೆ ಕೊನೆಗೆ ಪರೀಕ್ಷೆ ಕೊಟ್ಟಾಗ ಮುಂದೆ ಇದ್ದವರು ಸಾಫ್ಟ್‌ವೇರ್‌ನಲ್ಲಿ ಕಲಿತ ಮಕ್ಕಳು. ಆಟದ ಒಳಗೆ ಬಂದ ವಿದ್ಯೆ ತಾನಾಗೇ ಎದ್ದು ಹೊರಗೆ ಬರುವುದಿಲ್ಲ. ಕೈಹಿಡಿದು ಕರೆತರುವವರು ಒಬ್ಬರು ಬೇಕು. ಮನೆಯಲ್ಲಿ ಆ ಕೆಲಸ ನಿಮ್ಮದು.

ಅದು ಹೇಗೆ ಅಂತ ತೋರಿಸಲು, ನನಗೆ ಗೊತ್ತಿರುವ ಒಂದು ಮನೆಯಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಹನ್ನೊಂದು ವರ್ಷದ ಹುಡುಗಿ, ಅವಳಿಗೂ ಮೈನ್‌ಕ್ರಾಫ್ಟೇ. ಅಮ್ಮನಿಗೆ ಗೇಮ್‌ನ ಗಂಧಗಾಳಿ ಇಲ್ಲ.

ಮೈನ್‌ಕ್ರಾಫ್ಟ್‌ನಲ್ಲಿ ಮಾಮೂಲಿ ಲೋಕದ ಜೊತೆಗೆ ನೆದರ್ ಅಂತ ಇನ್ನೊಂದು ಲೋಕ ಇದೆ. ಅದರೊಳಗೆ ಹೋಗಲು ಪೋರ್ಟಲ್, ಅಂದರೆ ಒಂದು ಲೋಕದಿಂದ ಇನ್ನೊಂದಕ್ಕೆ ದಾಟಿಸುವ ಬಾಗಿಲು, ಕಟ್ಟಬೇಕು. ಅಲ್ಲಿನ ವಿಶೇಷ ಏನೆಂದರೆ, ನೆದರ್‌ನಲ್ಲಿ ಒಂದು ಬ್ಲಾಕ್ ನಡೆದರೆ ಹೊರಗಿನ ಲೋಕದಲ್ಲಿ ಎಂಟು ಬ್ಲಾಕ್ ನಡೆದಂತೆ. ದೂರದ ಊರಿಗೆ ಬೇಗ ಹೋಗಬೇಕು ಅಂದ್ರೆ ಮಕ್ಕಳು ಇದನ್ನೇ ಬಳಸುತ್ತಾರೆ. ನಾವು ಎಲ್ಲಿದ್ದೇವೆ ಅನ್ನುವುದನ್ನು ಆಟ ಮೂರು ಅಂಕಿಗಳಲ್ಲಿ ತೋರಿಸುತ್ತದೆ. ಎಕ್ಸ್ ಅಂದರೆ ಪೂರ್ವ-ಪಶ್ಚಿಮ, ಝೆಡ್ ಅಂದರೆ ಉತ್ತರ-ದಕ್ಷಿಣ, ವೈ ಅಂದರೆ ಎತ್ತರ. ಈ ಹುಡುಗಿಯ ಮನೆ ಎಕ್ಸ್ 320, ಝೆಡ್ 160ರಲ್ಲಿ ಇತ್ತು. ಅವಳು ಹೋಗಬೇಕಿದ್ದ ಹಳ್ಳಿ ಎಕ್ಸ್ 1120, ಝೆಡ್ ಮೈನಸ್ 480ರಲ್ಲಿ. ಅವಳು ಬಾಯಲ್ಲೇ ಭಾಗಿಸಿಕೊಂಡಳು. 1120 ಭಾಗಿಸು 8, ಅಂದ್ರೆ 140. 480 ಭಾಗಿಸು 8, ಅಂದ್ರೆ 60. ನೆದರ್ ಒಳಗೆ ಹೋಗಿ, ಲಾವಾ ತಪ್ಪಿಸಿಕೊಂಡು, ಸುರಂಗ ಕೊರೆದು, 140 ಮತ್ತು 60 ಇರುವ ಕಡೆ ಇನ್ನೊಂದು ಪೋರ್ಟಲ್ ಕಟ್ಟಿದಳು. ಹೊರಗೆ ಬಂದು ನೋಡಿದರೆ ಹಳ್ಳಿಯೇ ಇಲ್ಲ. ಸುತ್ತ ಬರೀ ಮರಳುಗಾಡು. ಗೇಮ್ ಕೆಟ್ಟುಹೋಗಿದೆ ಅಂತ ಅಳು.

ಅಮ್ಮ ಗೇಮ್ ಬಂದ್ ಮಾಡು ಅನ್ನಲಿಲ್ಲ, ಎಲ್ಲಿ ತಪ್ಪಾಗಿದೆ ಅಂತ ಹೇಳಲೂ ಇಲ್ಲ. ಅವಳಿಗೆ ಅದು ಗೊತ್ತೂ ಇರಲಿಲ್ಲ. ಚೌಕಳಿ ಪುಸ್ತಕ ತಂದು ಪಕ್ಕದಲ್ಲಿ ಕೂತಳು. 'ನೀನೀಗ ಎಲ್ಲಿದ್ದೀಯ, ಇಲ್ಲಿ ಗುರುತು ಹಾಕು' ಅಂದಳು. ಹುಡುಗಿ ಪರದೆ ನೋಡಿ ಎಕ್ಸ್ 1120, ಝೆಡ್ 480 ಅಂತ ಗುರುತು ಹಾಕಿದಳು. 'ಹಳ್ಳಿ ಎಲ್ಲಿದೆ?' ಮತ್ತೆ ಗುರುತು. ಈ ಸಲ ಗೆರೆಯ ಆಚೆ ಬದಿಗೆ ಹಾಕಬೇಕಾಯಿತು. ಪೆನ್ಸಿಲ್ ಅಲ್ಲೇ ನಿಂತಿತು. 'ಅಯ್ಯೋ, ಮೈನಸ್ ಬಿಟ್ಟುಬಿಟ್ಟೆ.' ಆಮೇಲೆ ಅಮ್ಮ ಇನ್ನೊಂದು ಕೇಳಿದಳು: 'ಹಳ್ಳಿ ಇಲ್ಲಿಂದ ಎಷ್ಟು ದೂರ?' ಹುಡುಗಿ ಮೊದಲು 480 ಅಂದಳು. ಗೆರೆಯ ಮೇಲೆ ಸೊನ್ನೆಯವರೆಗೆ ಎಣಿಸಿ, ಸೊನ್ನೆಯಿಂದ ಆಚೆಗೂ ಎಣಿಸಿ 960 ಅಂತ ತಿದ್ದಿಕೊಂಡಳು. ಆ ಆಟದಲ್ಲಿ ಸುಮ್ನೆ ನಡೆದರೆ ಸೆಕೆಂಡಿಗೆ ಸುಮಾರು 4.3 ಬ್ಲಾಕ್ ಸಾಗಬಹುದು. 960 ಬ್ಲಾಕ್ ನಡೆಯಲು ಎಷ್ಟು ಹೊತ್ತು? ಹೆಚ್ಚುಕಡಿಮೆ ನಾಲ್ಕು ನಿಮಿಷ. ನೆದರ್‌ನೊಳಗೆ ಝೆಡ್ 60ರಿಂದ ಮೈನಸ್ 60ಕ್ಕೆ ಹೋದರೆ ನಡೆಯಬೇಕಾದ್ದು 120 ಬ್ಲಾಕ್, ಅರ್ಧ ನಿಮಿಷವೂ ಬೇಡ. ಆದರೆ ಅಲ್ಲಿ ಸುರಂಗ ಕೊರೆಯಬೇಕಲ್ಲ, ಅದಕ್ಕೆ ಎಷ್ಟು ಹೊತ್ತು? ನಡೆದುಕೊಂಡೇ ಹೋಗುವುದು ಲೇಸಾ? ಇಬ್ಬರೂ ಕೂತು ಚರ್ಚೆ ಮಾಡಿದರು. ಎತ್ತರಕ್ಕೆ ಮಾತ್ರ ಈ ಎಂಟರ ಲೆಕ್ಕ ಇಲ್ಲ ಅನ್ನುವುದನ್ನು ಮಗಳೇ ಅಮ್ಮನಿಗೆ ಹೇಳಿಕೊಟ್ಟಳು.

ಇಷ್ಟಕ್ಕೇ ನಿಂತಿದ್ದರೆ ಒಂದು ಒಳ್ಳೆಯ ಸಂಜೆ ಕಳೆದಂತಾಗುತ್ತಿತ್ತು, ಅಷ್ಟೇ. ಮರುದಿನ ಆ ಅಮ್ಮ ಗೇಮ್ ತೆಗೆಯದೆ, ನಕ್ಷೆಯ ಪುಸ್ತಕ ತೆಗೆದಳು. 'ಇಲ್ಲಿ ಒಂದು ಸೆಂಟಿಮೀಟರ್ ಅಂದ್ರೆ ಎಂಟು ಕಿಲೋಮೀಟರ್ ಅಂದ್ಕೋ. ಈ ಎರಡು ಊರಿನ ನಡುವೆ ಎಷ್ಟು ದೂರ?' ಅಂತ ಕೇಳಿದಳು. ಉಷ್ಣತೆಯ ಲೆಕ್ಕವನ್ನೂ ಕೊಟ್ಟಳು. ಮೈನಸ್ 6 ಡಿಗ್ರಿಯಿಂದ 9 ಡಿಗ್ರಿಗೆ ಏರಿದರೆ ಎಷ್ಟು ಏರಿತು? ಹುಡುಗಿ 'ಇದು ನಿನ್ನೆಯದೇ ಅಲ್ವಾ' ಅಂದಳು. ನನ್ನ ಪ್ರಕಾರ ಆ ಪಾಠದಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಮಾತು ಅದೇ. ಮೈನಸ್ ಸಂಖ್ಯೆಯನ್ನು ಪುಸ್ತಕದಲ್ಲಿ ಬಿಟ್ಟರೆ ಒಂದು ಅಂಕ ಹೋಗುತ್ತದೆ. ಆಟದಲ್ಲಿ ಬಿಟ್ಟರೆ ಮರುಭೂಮಿಯಲ್ಲಿ ಹೋಗಿ ನಿಲ್ಲಬೇಕಾಗುತ್ತದೆ. ಹಾಗೆ ನಿಂತ ಮಗುವಿಗೆ ಮೈನಸ್ ಯಾಕೆ ಬೇಕು ಅಂತ ಯಾರೂ ವಿವರಿಸಬೇಕಾಗಿಲ್ಲ.

ನೀವು ಗಮನಿಸಬೇಕಾದ ಒಂದು ವಿಷಯ ಇದೆ. ಆ ಅಮ್ಮ ಆಟದ ನಡುವೆ ಬಾಯಿ ಹಾಕಲಿಲ್ಲ. ಮಗಳು ತಾನೇ ಸಿಕ್ಕಿಕೊಂಡಾಗ ಮಾತ್ರ ಪಕ್ಕಕ್ಕೆ ಬಂದಳು. ಮಗು ಖುಷಿಯಾಗಿ ಗೋಡೆ ಕಟ್ಟುತ್ತಿರುವಾಗ 'ಇದರ ವಿಸ್ತೀರ್ಣ ಎಷ್ಟು ಹೇಳು' ಅಂತ ಕೇಳಿದರೆ ಮುಂದಿನ ಸಲ ಅದು ಬಾಗಿಲು ಹಾಕಿಕೊಂಡು ಆಡುತ್ತದೆ. ಆಟ ಮುಗಿದ ಮೇಲೆ ಎರಡೇ ಮಾತು ಕೇಳಿ: 'ಏನಾಗುತ್ತೆ ಅಂದ್ಕೊಂಡಿದ್ದೆ? ಏನಾಯ್ತು?' ಮಗನಿಗೆ ಮಾತು ಇಷ್ಟ ಅಂತ ನೀವೇ ಬರೆದಿದ್ದೀರಿ. ಆ ಮಾತನ್ನು ಸುಮ್ನೆ ತಲೆಯಾಡಿಸಿ ಕೇಳಬೇಡಿ. ಅರ್ಥವಾಗದ ಕಡೆ ತಡೆದು ಕೇಳಿ. ನಿಮಗೆ ಗೇಮ್ ಬರುವುದಿಲ್ಲ ಅನ್ನುವುದು ಇಲ್ಲಿ ಅನುಕೂಲವೇ. ಗೊತ್ತಿಲ್ಲದವರಿಗೆ ಅರ್ಥವಾಗುವಂತೆ ಹೇಳುವುದು ಒಂದು ದೊಡ್ಡ ಕಸರತ್ತು. ಮನೆ ಕಟ್ಟುವುದು ಹೇಗೆ ಅಂತ ಅವನು ನಿಮಗಾಗಿ ಒಂದು ಪುಟ ಬರೆದುಕೊಡಲಿ. ಬರೆದದ್ದನ್ನು ಹಿಡಿದು, ಅದರಲ್ಲಿ ಇರುವಷ್ಟನ್ನೇ ನೀವು ಆಡಿ ತೋರಿಸಿ. ಎಲ್ಲಿ ಬಿಟ್ಟಿದ್ದಾನೋ ಅಲ್ಲಿ ನೀವು ಸಿಕ್ಕಿಕೊಳ್ಳುತ್ತೀರಿ. ಅವನು ತಾನಾಗೇ ತಿದ್ದಲು ಕೂರುತ್ತಾನೆ. ಪ್ರಬಂಧ ಬರೆ ಅಂದರೆ ನಾಲ್ಕು ಸಾಲಿಗೆ ನಿಲ್ಲಿಸುವ ಮಕ್ಕಳು ಇಂಥದ್ದನ್ನು ಎರಡು ಪುಟ ಬರೆಯುತ್ತಾರೆ.

ಈಗ ಎಂಥ ಗೇಮ್ ಅನ್ನುವ ಪ್ರಶ್ನೆ. ಹೆಸರಲ್ಲಿ 'ಎಜುಕೇಷನಲ್' ಅಂತ ಇದೆಯಾ ಅಂತ ನೋಡಬೇಡಿ. ನಾನು ಒಂದೇ ಒಂದು ಪರೀಕ್ಷೆ ಇಟ್ಟುಕೊಂಡಿದ್ದೇನೆ. ಆ ಗೇಮ್‌ನಿಂದ ಪಾಠವನ್ನು ಕಿತ್ತು ಹಾಕಿದರೂ ಆಟ ಹಾಗೇ ನಡೆಯುತ್ತಾ? ಏಳೆಂಟಲ ಐವತ್ತಾರು ಅಂತ ಒತ್ತಿದರೆ ಬಲೂನ್ ಒಡೆಯುವ ಗೇಮ್‌ಗಳಿವೆ. ಅಲ್ಲಿ ಮಗ್ಗಿ ತೆಗೆದು ರಾಜಧಾನಿಗಳ ಹೆಸರು ಹಾಕಿದರೂ ಬಲೂನ್ ಒಡೆಯುತ್ತದೆ. ಅಂದರೆ ಬಲೂನಿಗೂ ಗುಣಾಕಾರಕ್ಕೂ ಸಂಬಂಧ ಇಲ್ಲ. ಮಗ್ಗಿ ಬಾಯಿಗೆ ಬರಲು ಹತ್ತು ನಿಮಿಷ ಬಳಸುವುದಾದರೆ ಅದೂ ಆಗಬಹುದು, ನಾನು ಬೇಡ ಅನ್ನುವುದಿಲ್ಲ. ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ. ಮೆದುಳು ಚುರುಕು ಮಾಡುತ್ತೇವೆ ಅನ್ನುವ ಆ್ಯಪ್‌ಗಳನ್ನಂತೂ ದೂರ ಇಡಿ. ಲುಮಾಸಿಟಿ ಅನ್ನುವ ಪ್ರಸಿದ್ಧ ಆ್ಯಪ್‌ನ ಕಂಪನಿ ಇಂಥ ಜಾಹೀರಾತುಗಳಿಗೆ ಆಧಾರ ಇಲ್ಲ ಅನ್ನುವ ಆರೋಪದ ಮೇಲೆ 2016ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್‌ಗೆ 20 ಲಕ್ಷ ಡಾಲರ್ ಕಟ್ಟಿ ಪ್ರಕರಣ ಮುಗಿಸಿಕೊಂಡಿತು. ಅಂಥ ಆಟ ಆಡಿದರೆ ಆ ಆಟದಲ್ಲೇ ಚುರುಕಾಗುತ್ತೇವೆ, ಅಷ್ಟೇ.

ನನ್ನ ಪರೀಕ್ಷೆಯಲ್ಲಿ ಪೂರ್ತಿ ಅಂಕ ಗಳಿಸುವ ಗೇಮ್ ಕರ್ಬಲ್ ಸ್ಪೇಸ್ ಪ್ರೋಗ್ರಾಂ. ಇದರ ಪೂರ್ಣ ಆವೃತ್ತಿ 2015ರಲ್ಲಿ ಬಂತು. ಮಕ್ಕಳು ರಾಕೆಟ್ ಕಟ್ಟಿ ಹಾರಿಸಬೇಕು. ಭೌತಶಾಸ್ತ್ರ ತೆಗೆದುಬಿಟ್ಟರೆ ಅಲ್ಲಿ ಆಟವೇ ಉಳಿಯುವುದಿಲ್ಲ. ಮೊದಲು ಎಲ್ಲರೂ ಮಾಡುವುದು ಒಂದೇ. ರಾಕೆಟ್ಟನ್ನು ನೆಟ್ಟಗೆ ಮೇಲಕ್ಕೆ ಹಾರಿಸುತ್ತಾರೆ. ಅದು ವಾತಾವರಣ ದಾಟಿ ಮೇಲೆ ಹೋಗುತ್ತದೆ, ಇಂಧನ ಮುಗಿಯುತ್ತದೆ, ನೆಟ್ಟಗೆ ಕೆಳಗೆ ಬೀಳುತ್ತದೆ. ಇನ್ನಷ್ಟು ಇಂಧನ ತುಂಬಿ ಹಾರಿಸಿದರೂ ಅದೇ ಕಥೆ. ಕಕ್ಷೆಯಲ್ಲಿ ಉಳಿಯಬೇಕಾದರೆ ಬೇಕಾದದ್ದು ಎತ್ತರವಷ್ಟೇ ಅಲ್ಲ, ಅಡ್ಡಡ್ಡ ವೇಗ ಅಂತ ಹೊಳೆಯುವವರೆಗೆ ಬೀಳುತ್ತಲೇ ಇರುತ್ತದೆ. ಆಟದ ಗ್ರಹ ಕರ್ಬಿನ್‌ನ ತ್ರಿಜ್ಯ 600 ಕಿಲೋಮೀಟರ್, ವಾತಾವರಣ 70 ಕಿಲೋಮೀಟರ್‌ಗೆ ಮುಗಿಯುತ್ತದೆ. ನೆಲದ ಮೇಲಿನ ಗುರುತ್ವ ಮಾತ್ರ ಭೂಮಿಯಷ್ಟೇ. ನಮ್ಮ ಭೂಮಿಯ ತ್ರಿಜ್ಯ 6,371 ಕಿಲೋಮೀಟರ್. ಕರ್ಬಿನ್ ಸುತ್ತ ಕೆಳಕಕ್ಷೆಯಲ್ಲಿ ಸುತ್ತಲು ಸೆಕೆಂಡಿಗೆ 2.2 ಕಿಲೋಮೀಟರ್ ಆಸುಪಾಸಿನ ವೇಗ ಸಾಕು, ಭೂಮಿಯ ಸುತ್ತ ಸುಮಾರು 7.8 ಬೇಕು. ಗ್ರಹ ಹತ್ತು ಪಟ್ಟು ದೊಡ್ಡದಾದರೆ ವೇಗ ಯಾಕೆ ಹತ್ತು ಪಟ್ಟು ಆಗಲಿಲ್ಲ? ಹದಿಮೂರು ಹದಿನಾಲ್ಕರ ಮಗುವಿಗೆ ಈ ಒಂದು ಪ್ರಶ್ನೆ ವರ್ಗಮೂಲದವರೆಗೂ ಕರೆದುಕೊಂಡು ಹೋಗುತ್ತದೆ. ನಿಮ್ಮ ಮಗನಿಗೆ ಇನ್ನೂ ಮೂರು ನಾಲ್ಕು ವರ್ಷ ಕಾಯಬಹುದು.

ಅವನ ಕೈಯಲ್ಲಿರುವ ಮೈನ್‌ಕ್ರಾಫ್ಟ್‌ನಲ್ಲೇ ಈಗ ಬೇಕಾದಷ್ಟು ಇದೆ. ರೆಡ್‌ಸ್ಟೋನ್ ಅನ್ನುವ ಪುಡಿಯಲ್ಲಿ ಸರ್ಕ್ಯೂಟ್ ಕಟ್ಟಬಹುದು. ಅದರ ಸಂಕೇತ 15ರ ಬಲದಿಂದ ಹೊರಟು ಬ್ಲಾಕಿಗೆ ಒಂದರಂತೆ ಇಳಿಯುತ್ತದೆ. ಎರಡು ಸ್ವಿಚ್ಚೂ ಒತ್ತಿದಾಗ ಮಾತ್ರ ತೆರೆಯುವ ಬಾಗಿಲು, ಯಾವುದಾದರೂ ಒಂದನ್ನು ಒತ್ತಿದರೆ ತೆರೆಯುವ ಬಾಗಿಲು, ಇವನ್ನು ಕಟ್ಟಲು ಹೇಳಿ. ಕಂಪ್ಯೂಟರ್‌ನೊಳಗಿನ ತರ್ಕದ ಬುಡ ಅದೇ. ಆಟದ ಒಂದು ದಿನ ನಮ್ಮ 20 ನಿಮಿಷ. ಹಾಗಾದರೆ ನಮ್ಮ ಒಂದು ನಿಮಿಷದಲ್ಲಿ ಅಲ್ಲಿ ಎಷ್ಟು ನಿಮಿಷ ಕಳೆಯುತ್ತದೆ? 72. ಒಂದು ಬ್ಲಾಕ್ ಅಂದರೆ ಒಂದು ಮೀಟರ್ ಉದ್ದ, ಅಗಲ, ಎತ್ತರ. ನಿಮ್ಮ ಮನೆಯ ಒಂದು ಕೋಣೆಯನ್ನು ಟೇಪಿನಲ್ಲಿ ಅಳೆದು ಆಟದಲ್ಲಿ ಕಟ್ಟಲಿ. ಮೂರೂವರೆ ಮೀಟರ್ ಗೋಡೆ ಬಂದಾಗ ಏನು ಮಾಡುತ್ತಾನೆ ನೋಡಿ. ಕೆಲವು ಮಕ್ಕಳು ಅರ್ಧ ಬ್ಲಾಕಿನ ಚಪ್ಪಡಿ ತಂದು ನಿಲ್ಲಿಸಲು ಹೋಗುತ್ತಾರೆ, ಅದು ಅಡ್ಡಡ್ಡವಾಗಿ ಮಾತ್ರ ಕೂರುತ್ತದೆ. ಕೆಲವರು ಇಡೀ ಮನೆಯನ್ನೇ ಎರಡು ಪಟ್ಟು ಮಾಡುತ್ತಾರೆ. ಎರಡನೆಯದು ಹೊಳೆದರೆ ಅನುಪಾತದ ಪಾಠ ಅಲ್ಲೇ ಶುರುವಾಯಿತು ಅಂದುಕೊಳ್ಳಿ.

ಇತಿಹಾಸದ ಗೇಮ್‌ಗಳ ವಿಷಯದಲ್ಲಿ ನಾನು ಸ್ವಲ್ಪ ಹುಷಾರು. ಅಸಾಸಿನ್ಸ್ ಕ್ರೀಡ್ ಸರಣಿಯವರು 2018ರಲ್ಲಿ ಪ್ರಾಚೀನ ಈಜಿಪ್ಟ್‌ನ, ಮರುವರ್ಷ ಗ್ರೀಸ್‌ನ 'ಡಿಸ್ಕವರಿ ಟೂರ್' ತಂದರು. ಹೊಡೆದಾಟ ಇಲ್ಲ, ಸುಮ್ನೆ ಓಡಾಡಿ ನೋಡಬಹುದು. ಕಟ್ಟಡ, ಬೀದಿ, ಜನರ ಕೆಲಸ ಕಣ್ಣಿಗೆ ಕಟ್ಟಲು ಅದು ಒಳ್ಳೆಯದು. ಆದರೆ ಒಂದು ನಾಗರಿಕತೆಯನ್ನು ಬೆಳೆಸುತ್ತಾ ಹೋಗುವ ಸಿವಿಲೈಝೇಷನ್‌ನಂಥ ಆಟಗಳಲ್ಲಿ ಇತಿಹಾಸ ಒಂದು ಓಟದ ಸ್ಪರ್ಧೆಯ ಹಾಗೆ ಕಾಣುತ್ತದೆ. ಒಂದು ಆವಿಷ್ಕಾರ ಆದಮೇಲೆ ಇನ್ನೊಂದು, ಕೊನೆಗೆ ಒಬ್ಬರು ಗೆಲ್ಲಬೇಕು. ಕಲಿಕೆಯ ಗೇಮ್‌ಗಳಲ್ಲಿ ತುಂಬಾ ಹಳೆಯದು ಆರೆಗನ್ ಟ್ರೇಲ್. 1971ರಲ್ಲಿ ಅಮೆರಿಕದ ಮಿನೆಸೋಟದಲ್ಲಿ, ತರಬೇತಿಯಲ್ಲಿದ್ದ ಮೂವರು ಮೇಷ್ಟ್ರುಗಳು ಇತಿಹಾಸದ ಪಾಠಕ್ಕಾಗಿ ಮಾಡಿದ್ದು. ಆಗ ಪರದೆಯೇ ಇರಲಿಲ್ಲ, ಟೆಲಿಟೈಪ್ ಯಂತ್ರ ಕಾಗದದ ಮೇಲೆ ಅಚ್ಚು ಹಾಕುತ್ತಿತ್ತು. ಪಶ್ಚಿಮಕ್ಕೆ ವಲಸೆ ಹೋದವರ ಪಾಡು ಏನಿತ್ತು ಅಂತ ಲಕ್ಷಾಂತರ ಮಕ್ಕಳಿಗೆ ತಿಳಿಸಿದ ಆಟ ಅದು. ಆದರೆ ಬಂಡಿಯಲ್ಲಿ ಹೋದವರ ಕಣ್ಣಿನಿಂದಲೇ ಎಲ್ಲ ಕಾಣುತ್ತಿತ್ತು. ಆ ನೆಲದಲ್ಲಿ ಮೊದಲಿನಿಂದ ಇದ್ದ ಮೂಲನಿವಾಸಿಗಳ ಪಾಡು ಅದರಲ್ಲಿ ಇರಲಿಲ್ಲ. ಆದ್ದರಿಂದ ಇತಿಹಾಸದ ಯಾವ ಗೇಮ್ ಆಡಿದರೂ 'ಈ ಕಥೆಯಲ್ಲಿ ಯಾರ ಮಾತು ಕೇಳಿಸುತ್ತಿಲ್ಲ?' ಅಂತ ಮಗುವನ್ನು ಕೇಳಲೇಬೇಕು. ಪುಸ್ತಕ ಜೊತೆಗಿಲ್ಲದೆ ಇತಿಹಾಸದ ಗೇಮ್ ಬೇಡ ಅಂತಲೇ ನನ್ನ ಸಲಹೆ.

ಆಟದ ಸುಳ್ಳುಗಳನ್ನು ಹಿಡಿಯುವುದೂ ಒಂದು ಪಾಠ, ಮತ್ತು ಮಕ್ಕಳಿಗೆ ಇದು ತುಂಬಾ ಇಷ್ಟ. ಮೈನ್‌ಕ್ರಾಫ್ಟ್‌ನಲ್ಲಿ ಮರದ ಬುಡ ಕಡಿದರೆ ಮೇಲಿನ ಮರ ಗಾಳಿಯಲ್ಲಿ ನಿಂತಿರುತ್ತದೆ. ಮರಳು, ಜಲ್ಲಿ ಬೀಳುತ್ತವೆ, ಕಲ್ಲು ಬೀಳುವುದಿಲ್ಲ. ಎರಡು ಬಕೆಟ್ ನೀರಿದ್ದರೆ ಬತ್ತದ ಬಾವಿ ಮಾಡಬಹುದು. ಒಂದು ನೋಟ್‌ಬುಕ್ಕಿನಲ್ಲಿ ಇಂಥವನ್ನು ಬರೆಯುತ್ತಾ ಹೋಗಲಿ, ಪಕ್ಕದಲ್ಲಿ ನಿಜದಲ್ಲಿ ಏನಾಗುತ್ತದೆ, ಯಾಕೆ ಅಂತ ಬರೆಯಲಿ. ಮಾಡಿದವರು ಯಾಕೆ ಹಾಗೆ ಮಾಡಿರಬಹುದು ಅಂತಲೂ ಯೋಚಿಸಲಿ. ಗೇಮ್ ಅನ್ನುವುದು ಯಾರೋ ಕೂತು ನಿಯಮ ಬರೆದ ಲೋಕ ಅಂತ ಮಗುವಿಗೆ ಗೊತ್ತಾಗುವುದು ಇಲ್ಲೇ. ಆ ಅರಿವು ಬಂದ ಮಗುವಿಗೆ ಸ್ಕ್ರ್ಯಾಚ್ ತೋರಿಸಿ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2007ರಲ್ಲಿ ಬಿಡುಗಡೆ ಮಾಡಿದ್ದು, ಉಚಿತ. ಪರದೆಯ ಮೇಲೆ ಆದೇಶಗಳ ತುಂಡುಗಳನ್ನು ಜೋಡಿಸಿ ತಾನೇ ಗೇಮ್ ಮಾಡಬಹುದು. ಆಡುವವನು ಮಾಡುವವನಾದರೆ ನಿಮ್ಮ ಶ್ರಮ ಅರ್ಧ ಕಡಿಮೆಯಾಗುತ್ತದೆ.

ಗೇಮ್‌ನಿಂದ ಬಾರದ್ದೂ ಇದೆ, ಅದನ್ನು ಮುಚ್ಚಿಡಬಾರದು. ಕೈಬರಹ ಬರುವುದಿಲ್ಲ. ಉದ್ದದ ಪುಸ್ತಕ ಹಿಡಿದು ಕೂರುವ ತಾಳ್ಮೆ ಬರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಯಾರೂ ಶಭಾಷ್ ಅನ್ನದೆ, ನಾಣ್ಯ ಉದುರದೆ, ಒಂದೇ ಥರದ ಲೆಕ್ಕವನ್ನು ಹತ್ತು ಸಲ ಮಾಡುವ ಅಭ್ಯಾಸ ಬರುವುದಿಲ್ಲ. ಭಿನ್ನರಾಶಿ ಗಟ್ಟಿಯಾಗಲು ಆ ಅಭ್ಯಾಸ ಬೇಕೇ ಬೇಕು. ಲೆಕ್ಕದ ಪುಸ್ತಕವನ್ನು ಮೇಲೆ ಎತ್ತಿಡಬೇಡಿ. ಅದನ್ನು ದಿನಾ ಸ್ವಲ್ಪ ಹೊತ್ತು ತೆಗೆಯಿರಿ, ಮುಖ ಸಣ್ಣದಾದರೂ ಪರವಾಗಿಲ್ಲ. ಗೇಮ್ ಇರುವುದು ಆ ಪುಸ್ತಕದೊಳಗಿನದು ಯಾತಕ್ಕೆ ಬೇಕು ಅಂತ ತೋರಿಸಲು.

ಇನ್ನೊಂದು ವಿಷಯ ನನಗೆ ತುಂಬಾ ಮುಖ್ಯ ಅನ್ನಿಸುತ್ತದೆ. ಬಹಳ ಮನೆಗಳಲ್ಲಿ ಇಲ್ಲೇ ದಾರಿ ತಪ್ಪುತ್ತದೆ. 'ಲೆಕ್ಕ ಮುಗಿಸಿದರೆ ಗೇಮ್' ಅನ್ನುವ ಕರಾರು ಮಾಡಿಕೊಳ್ಳಬೇಡಿ. ಹಾಗೆ ಅಂದರೆ ಲೆಕ್ಕ ಅನ್ನುವುದು ದುಡಿಮೆ, ಗೇಮ್ ಅನ್ನುವುದು ಕೂಲಿ ಅಂತ ನೀವೇ ಕಲಿಸಿದ ಹಾಗಾಯಿತು. 1973ರಲ್ಲಿ ಪ್ರಕಟವಾದ ಒಂದು ಹೆಸರಾಂತ ಪ್ರಯೋಗ ಇದೆ. ಚಿತ್ರ ಬರೆಯುವುದು ಇಷ್ಟ ಇದ್ದ ಪುಟ್ಟ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಬಹುಮಾನ ಅಂತ ಮೊದಲೇ ಹೇಳಿದರು. ಕೆಲವು ದಿನ ಬಿಟ್ಟು ನೋಡಿದಾಗ, ಬಹುಮಾನದ ಮಾತೇ ಇಲ್ಲದಿದ್ದ ಮಕ್ಕಳಿಗಿಂತ ಅವರು ತಾವಾಗಿ ಚಿತ್ರ ಬರೆಯುವುದು ಕಡಿಮೆಯಾಗಿತ್ತು. ಇದೇ ಅಪಾಯ ಇನ್ನೊಂದು ಬದಿಯಿಂದಲೂ ಇದೆ. ಮಗ ಆಡಿದ್ದನ್ನೆಲ್ಲ ನೀವು ಪಾಠ ಮಾಡಲು ಹೊರಟರೆ ಆಟದ ಮೇಲಿನ ಪ್ರೀತಿಯೇ ಹೋಗುತ್ತದೆ. ವಾರದಲ್ಲಿ ಒಂದೋ ಎರಡೋ ಸಲ ಗೇಮ್‌ನಿಂದ ಪಾಠ ತೆಗೆದರೆ ಸಾಕು. ಉಳಿದದ್ದು ಅವನ ಆಟ, ಅವನ ಪಾಡಿಗೆ ಬಿಡಿ.

ಎಷ್ಟು ಹೊತ್ತು ಅಂತ ಕೇಳಿದ್ದೀರಿ. ಐದು ವರ್ಷದೊಳಗಿನ ಮಕ್ಕಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಖಚಿತವಾಗಿ ಹೇಳಿದೆ. ಎರಡರಿಂದ ನಾಲ್ಕು ವರ್ಷದವರು ಕೂತು ಪರದೆ ನೋಡುವುದು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆ ಆದಷ್ಟೂ ಒಳ್ಳೆಯದು. ನಿಮ್ಮ ಮಗನ ವಯಸ್ಸಿಗೆ ನಾನು ಗಂಟೆಗಿಂತ ಬೇರೆ ಮೂರು ಸಂಗತಿ ನೋಡುತ್ತೇನೆ. ನಿದ್ದೆ ಸರಿಯಾಗಿದೆಯಾ? ದಿನಾ ಹೊರಗೆ ಬಿಸಿಲಿನಲ್ಲಿ ಓಡಾಡುತ್ತಾನಾ? ಗೇಮ್ ಬಿಟ್ಟು ಬೇರೆ ಯಾವುದಾದರೂ ಒಂದರಲ್ಲಿ ಆಸಕ್ತಿ ಇದೆಯಾ? ಮೂರಕ್ಕೂ ಹೌದು ಅಂತಾದರೆ ದಿನಕ್ಕೆ ಮುಕ್ಕಾಲರಿಂದ ಒಂದು ಗಂಟೆ ನನಗೆ ಜಾಸ್ತಿ ಅನ್ನಿಸುವುದಿಲ್ಲ. ಗೀಳು ಹತ್ತಿದೆಯಾ ಅನ್ನುವ ಭಯ ಇದ್ದರೆ, ಅದಕ್ಕೂ ಅಳತೆ ಇದೆ. 2022ರಿಂದ ಜಾರಿಯಲ್ಲಿರುವ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಗೇಮಿಂಗ್ ಗೀಳೂ ಸೇರಿದೆ. ಆಟದ ಮೇಲೆ ಹಿಡಿತ ತಪ್ಪಬೇಕು, ಉಳಿದೆಲ್ಲಕ್ಕಿಂತ ಆಟವೇ ಮೇಲಾಗಬೇಕು, ಕೆಡುಕಾಗುತ್ತಿದ್ದರೂ ಆಟ ನಿಲ್ಲಬಾರದು. ಇದೆಲ್ಲ ಸಾಮಾನ್ಯವಾಗಿ ಒಂದು ವರ್ಷವಾದರೂ ಮುಂದುವರಿದಿದ್ದರೆ ಮಾತ್ರ ಆ ಹೆಸರು. ಆಫ್ ಮಾಡುವಾಗ ಸಿಟ್ಟಾಗುವುದು ಅಷ್ಟರಿಂದಲೇ ಗೀಳಲ್ಲ.

ಆ ಸಿಟ್ಟಿಗೆ ಬಹಳ ಸಲ ಕಾರಣ ನಾವು ಆಫ್ ಮಾಡಿಸುವ ಗಳಿಗೆ. ಅರ್ಧ ಸೇತುವೆ ಕಟ್ಟಿರುವಾಗ 'ಇನ್ನೈದು ನಿಮಿಷ' ಅಂದರೆ ಅದು ಅವನ ಕಿವಿಗೆ ಬೀಳುವುದೇ ಇಲ್ಲ. ಗಡಿಯಾರದ ಬದಲು ಆಟದ ಲೆಕ್ಕದಲ್ಲೇ ಮಾತಾಡಿ. ಮೈನ್‌ಕ್ರಾಫ್ಟ್‌ನಲ್ಲಿ ಕತ್ತಲಾದ ಕೂಡಲೇ ಹಾಸಿಗೆಯಲ್ಲಿ ಮಲಗಿದರೆ ರಾತ್ರಿ ಕಳೆದು ಬೆಳಗಾಗುತ್ತದೆ. ಹಾಗೆ ಆಡಿದರೆ ಹತ್ತು ಹನ್ನೊಂದು ನಿಮಿಷಕ್ಕೊಮ್ಮೆ ಮಲಗುವ ಹೊತ್ತು ಬರುತ್ತದೆ. 'ನಾಲ್ಕನೇ ಸಲ ಮಲಗಿದ ಮೇಲೆ ಬಂದ್' ಅಂತ ಒಪ್ಪಂದ ಮಾಡಿಕೊಳ್ಳಿ. ಮುಕ್ಕಾಲು ಗಂಟೆ ಹತ್ತಿರ ಬರುತ್ತದೆ, ಮತ್ತು ಅದು ಆಟವೇ ಒಂದು ಉಸಿರು ತೆಗೆದುಕೊಳ್ಳುವ ಜಾಗ. ನೆಲದಡಿ ಗಣಿಯಲ್ಲಿ ಕೂತು ಕತ್ತಲಾಗಿದ್ದು ಗೊತ್ತೇ ಆಗಲಿಲ್ಲ ಅಂತ ಅವನು ವಾದ ಮಾಡಬಹುದು, ಆದ್ದರಿಂದ ಅಲಾರಂ ಕೂಡ ಇರಲಿ. ಬಂದ್ ಮಾಡುವ ಮುಂಚೆ ನಾಳೆ ಏನು ಮಾಡಬೇಕು ಅಂತ ಒಂದು ಸಾಲು ಬರೆದಿಡಲಿ. ಬರೆದಿಟ್ಟ ಮೇಲೆ ಮನಸ್ಸು ಅದನ್ನೇ ಹಿಡಿದುಕೊಂಡು ಒದ್ದಾಡುವುದು ಕಡಿಮೆ.

ದುಡ್ಡು ಹಾಕಿ ಪೆಟ್ಟಿಗೆ ತೆರೆದು ಅದೃಷ್ಟ ನೋಡುವ ಗೇಮ್‌ಗಳು ಮನೆಗೆ ಬೇಡವೇ ಬೇಡ. ಬೆಲ್ಜಿಯಂ 2018ರಲ್ಲಿ ಅಂಥ ಪೆಟ್ಟಿಗೆಗಳನ್ನು ಜೂಜು ಅಂತಲೇ ಪರಿಗಣಿಸಿತು. ಗೊತ್ತಿಲ್ಲದವರ ಜೊತೆ ಚಾಟ್ ಮಾಡುವ ಸೌಲಭ್ಯವನ್ನು ಸೆಟ್ಟಿಂಗ್ಸ್‌ನಲ್ಲಿ ಬಂದ್ ಮಾಡಿಡಿ. ಕಂಪ್ಯೂಟರ್ ಎಲ್ಲರೂ ಓಡಾಡುವ ಕೋಣೆಯಲ್ಲಿರಲಿ.

ನಿಮ್ಮ ಮನೆಯವರಿಗೆ ವಾದ ಮಾಡಿ ಒಪ್ಪಿಸಲು ಹೋಗಬೇಡಿ. ಒಂದು ಫೈಲ್ ಮಾಡಿ. ತಾರೀಖು, ಗೇಮ್‌ನಲ್ಲಿ ಏನಾಯಿತು, ಅದರಿಂದ ಯಾವ ಲೆಕ್ಕ ಅಥವಾ ಬರವಣಿಗೆ ಹುಟ್ಟಿತು, ಮಗ ಮಾಡಿದ ಹಾಳೆ. ಇಷ್ಟೇ. ಹಾಳೆ ಇಲ್ಲದ ದಿನವನ್ನು ಬರೀ ಆಟದ ದಿನ ಅಂತಲೇ ಬರೆಯಿರಿ. ಆ ಪ್ರಾಮಾಣಿಕತೆ ಇದ್ದರೆ ಅವರೂ ಆ ಫೈಲನ್ನು ನಂಬುತ್ತಾರೆ. ಮನೆಪಾಠದ ನಿಯಮ ಎಲ್ಲ ಕಡೆ ಒಂದೇ ಥರ ಇಲ್ಲ. ಕೆಲವೆಡೆ ಕಲಿಕೆಯ ದಾಖಲೆ ಕೇಳುತ್ತಾರೆ, ಕೆಲವೆಡೆ ಪರೀಕ್ಷೆ ಇಡ್ತಾರೆ. ನೀವಿರುವ ಕಡೆ ಏನಿದೆ ಅಂತ ತಿಳಿದುಕೊಂಡು ಆ ಫೈಲನ್ನು ಅದಕ್ಕೆ ಹೊಂದಿಸಿಕೊಳ್ಳಿ. ವಾರಕ್ಕೊಂದು ಸಲ ಮಗ ಅಪ್ಪನಿಗೆ ತಾನು ಕಟ್ಟಿದ್ದನ್ನು ತೋರಿಸಿ ವಿವರಿಸಲಿ. ಅಪ್ಪನಿಗೆ ಅರ್ಥವಾಗದ ಪ್ರಶ್ನೆಗಳು ತುಂಬಾ ಇರುತ್ತವೆ, ಅವೆಲ್ಲ ಮಗನಿಗೆ ಪಾಠವೇ.

ಕೊನೆಗೆ ಮಗಳ ವಿಷಯ. ಆರು ವರ್ಷಕ್ಕೆ ಅವಸರ ಏನೂ ಇಲ್ಲ. ಅವಳ ಲೆಕ್ಕಕ್ಕೆ ಮಣಿ, ದಾಳ, ಇಸ್ಪೀಟಿನ ಎಲೆ, ಮರದ ತುಂಡು ಇವೇ ಒಳ್ಳೆಯವು. ಕೈಯಲ್ಲಿ ಹಿಡಿದು ಎಣಿಸಿದ್ದು ಬೇಗ ಗಟ್ಟಿಯಾಗುತ್ತದೆ. ಅಣ್ಣ ಆಡುವುದನ್ನು ನೋಡಿ ತನಗೂ ಬೇಕು ಅಂತ ಹಠ ಮಾಡೇ ಮಾಡುತ್ತಾಳೆ. ಆಗ ಐದರಿಂದ ಏಳು ವರ್ಷದವರಿಗೆಂದೇ ಮಾಡಿದ ಸ್ಕ್ರ್ಯಾಚ್ ಜೂನಿಯರ್ ಕೊಡಿ. ಓದಲು ಬರದಿದ್ದರೂ ನಡೆಯುತ್ತದೆ, ಚಿತ್ರದ ತುಂಡುಗಳನ್ನು ಜೋಡಿಸಿ ಬೆಕ್ಕನ್ನು ನಡೆಸಬಹುದು, ಕುಣಿಸಬಹುದು. ನೀವು ಪಕ್ಕದಲ್ಲಿ ಕೂತಿರಬೇಕು, ಒಂದು ಸಲಕ್ಕೆ ಇಪ್ಪತ್ತು ನಿಮಿಷ ಸಾಕು. ವಾರಕ್ಕೊಂದು ದಿನ ಅಣ್ಣ ತಂಗಿ ಜೊತೆಯಾಗಿ ಮೈನ್‌ಕ್ರಾಫ್ಟ್ ಆಡಲಿ. ಶರತ್ತು ಏನೆಂದರೆ ಕೈ ಅಣ್ಣನದು, ಬಾಯಿ ತಂಗಿಯದು. 'ಎಡಕ್ಕೆ ಮೂರು, ಮೇಲಕ್ಕೆ ಎರಡು, ಈಗ ಕಿಟಕಿ' ಅಂತ ಅವಳು ಹೇಳಬೇಕು, ಹೇಳಿದಷ್ಟನ್ನೇ ಅವನು ಕಟ್ಟಬೇಕು. ಎಡ-ಬಲ ತಪ್ಪಾದರೆ ಕಿಟಕಿ ಬೇರೆಲ್ಲೋ ಬರುತ್ತದೆ, ಆಗ ಮತ್ತೆ ಹೇಳುತ್ತಾಳೆ. ಬೇರೆಯವರ ಸರ್ವರ್‌ಗೆ ಸೇರಿ ಆಡುವ ಗೇಮ್‌ಗಳು ಮಾತ್ರ ಅವಳಿಗೆ ಇನ್ನೂ ಕೆಲವು ವರ್ಷ ಬೇಡ.